ನೀರಿನ ಕೂಲರ್ ಎಷ್ಟು ಹೆಜ್ಜೆ ದೂರ? ಕ್ಯಾಲಿಫೋರ್ನಿಯಾದ ಕನ್ನಡಿಗರಿಗೊಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ನಮಸ್ಕಾರ.

ಸ್ಯಾನ್ ಹೋಸೆಯಿಂದ ಪಚೇಕೊ ಘಾಟಿ ದಾಟಿ, ಐ-5 ಹಿಡಿದು ಲಾಸ್ ಏಂಜಲೀಸ್ ಕಡೆಗೆ ಹೋಗುವ ದಾರಿ ನಿಮಗೆಲ್ಲ ಗೊತ್ತಿರುವುದೇ. ಜುಲೈ ಮಧ್ಯಾಹ್ನ ಕಾರಿನೊಳಗೆ 72 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಹೊರಗೆ 104. ಟೊಮೆಟೊ, ಕರ್ಬೂಜ, ದ್ರಾಕ್ಷಿಯ ಸಾಲುಗಳಲ್ಲಿ ತಲೆಗೆ ಟೋಪಿ, ಮುಖಕ್ಕೆ ಬಟ್ಟೆ ಸುತ್ತಿ, ತುಂಬುತೋಳಿನ ಅಂಗಿ ಹಾಕಿಕೊಂಡು ಬಗ್ಗಿರುವ ಜನ ಕಾಣುತ್ತಾರೆ. ಹೆಚ್ಚಿನವರು ಮೆಕ್ಸಿಕೊ, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಮೂಲದವರು. ಅವರ ಊರಿನವರೇ ನಿಮ್ಮ ಮನೆ ಮುಂದಿನ ಹುಲ್ಲು ಕತ್ತರಿಸುತ್ತಾರೆ, ನಿಮ್ಮ ಸೂರು ಹತ್ತಿ ಸೋಲಾರ್ ಪ್ಯಾನೆಲ್ ಕೂರಿಸುತ್ತಾರೆ, ಆಫೀಸಿನ ಕೆಫೆಟೇರಿಯಾದಲ್ಲಿ ಪಾತ್ರೆ ತೊಳೆಯುತ್ತಾರೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) 2021ರ ಸೆಪ್ಟೆಂಬರಿನಲ್ಲಿ ಒಂದು ವರದಿ ಹೊರತಂದಿತು. ಭೂಮಿಯ ತಾಪ 2 ಡಿಗ್ರಿ ಸೆಲ್ಸಿಯಸ್ ಏರಿದರೆ, ಬಯಲಲ್ಲಿ ಮಾಡುವ ಕೆಲಸದ ಗಂಟೆಗಳು ಅತಿ ಹೆಚ್ಚು ಕಡಿತವಾಗುವ ಪ್ರದೇಶಗಳಲ್ಲಿ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಜನ ಈಗಾಗಲೇ ವಾಸವಾಗಿರುವ ಸಾಧ್ಯತೆ ಉಳಿದವರಿಗಿಂತ ಶೇ. 43ರಷ್ಟು ಹೆಚ್ಚು ಎಂದು ಅದು ಲೆಕ್ಕ ಹಾಕಿತ್ತು. ಈ ಪತ್ರ ಕನ್ನಡದಲ್ಲಿ ಏಕೆ ಎಂದರೆ, ನಿಮ್ಮಲ್ಲಿ ಹಲವರು ಇಲ್ಲಿನ ಮತದಾರರು, ಮನೆ ಮಾಲೀಕರು, ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಸಮಿತಿಯವರು. ಕಾನೂನು ಇದೆ, ದುಡ್ಡೂ ತಕ್ಕಮಟ್ಟಿಗೆ ಇದೆ. ಎಡವುತ್ತಿರುವುದು ಕೊನೆಯ ನಾಲ್ಕು ಹೆಜ್ಜೆಯಲ್ಲಿ. ಆ ಹೆಜ್ಜೆಗಳಲ್ಲಿ ಕೆಲವು ನಿಮ್ಮ ಅಂಗಳದಲ್ಲೇ ಇವೆ.

ಮೊದಲು ಕಾನೂನು. ಬಯಲು ಕೆಲಸಗಾರರನ್ನು ಬಿಸಿಲಿನಿಂದ ಕಾಯುವ ನಿಯಮವನ್ನು ದೇಶದಲ್ಲೇ ಮೊದಲು, 2005ರಲ್ಲಿ, ತಂದದ್ದು ಕ್ಯಾಲಿಫೋರ್ನಿಯಾ. ಅದರ ಸಂಖ್ಯೆ 3395. ಒಬ್ಬೊಬ್ಬರಿಗೆ ಗಂಟೆಗೆ ಒಂದು ಕ್ವಾರ್ಟ್, ಅಂದರೆ ಹತ್ತಿರ ಹತ್ತಿರ ಒಂದು ಲೀಟರ್, ತಣ್ಣನೆಯ ಶುದ್ಧ ನೀರು ಕೊಡಬೇಕು. 80 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 27 ಸೆಲ್ಸಿಯಸ್) ದಾಟಿದರೆ ನೆರಳು ಸಿದ್ಧವಿರಬೇಕು. ವಿರಾಮದಲ್ಲಿರುವ ಅಷ್ಟೂ ಜನ ಒಬ್ಬರಿಗೊಬ್ಬರು ತಾಗದಂತೆ ಕೂರುವಷ್ಟು ನೆರಳದು. ಬಿಸಿಲಿಗೆ ನಿಂತು ಕಾದ ವ್ಯಾನಿನ ಒಳಗೆ ಎಸಿ ಹಾಕದಿದ್ದರೆ ಅದು ನೆರಳಲ್ಲ. 95 ಡಿಗ್ರಿ (35 ಸೆಲ್ಸಿಯಸ್) ಮುಟ್ಟಿದ ಮೇಲೆ ಹೊಲದಲ್ಲಿ ಎರಡು ಗಂಟೆಗೊಮ್ಮೆ ಹತ್ತು ನಿಮಿಷದ ವಿಶ್ರಾಂತಿ ಕಡ್ಡಾಯ. 2024ರ ಜುಲೈಯಿಂದ ಗೋದಾಮು, ಅಡುಗೆಮನೆಗಳಂಥ ಒಳಾಂಗಣಕ್ಕೂ 3396 ಎಂಬ ನಿಯಮ ಬಂದಿದೆ. ಅದು 82 ಡಿಗ್ರಿಗೆ ಅನ್ವಯವಾಗುತ್ತದೆ. ಬೇರೆ ಕೆಲವು ರಾಜ್ಯಗಳ ಕಥೆ ಹೀಗಿಲ್ಲ. ಟೆಕ್ಸಸ್ 2023ರಲ್ಲಿ, ಫ್ಲಾರಿಡಾ 2024ರಲ್ಲಿ, ಊರೂರಿನ ಸ್ಥಳೀಯ ಆಡಳಿತಗಳು ಇಂಥ ನಿಯಮ ಮಾಡುವುದಕ್ಕೇ ತಡೆ ಹಾಕಿದವು. ಡಲ್ಲಾಸ್, ಆಸ್ಟಿನ್ ಕಡೆಯ ಕನ್ನಡಿಗರು ಇದನ್ನು ಓದುತ್ತಿದ್ದರೆ ಗಮನಿಸಿ.

ಹಾಗಿದ್ದೂ ಏನು ತಪ್ಪುತ್ತದೆ?

ಲೆಕ್ಕ ಹಾಕೋಣ. ಇಪ್ಪತ್ತು ಜನರ ತಂಡ, ಹತ್ತು ಗಂಟೆ ಕೆಲಸ. 200 ಕ್ವಾರ್ಟ್, ಅಂದರೆ 50 ಗ್ಯಾಲನ್, ಸುಮಾರು 190 ಲೀಟರ್. ಪಿಕಪ್ ಲಾರಿಯ ಹಿಂಬದಿಗೆ ಕಟ್ಟಿರುತ್ತಾರಲ್ಲ, 10 ಗ್ಯಾಲನ್ನಿನ ಆ ಕಿತ್ತಳೆ ಬಣ್ಣದ ಕೂಲರ್, ಅಂಥವು ಐದು ಬೇಕು. ಇಲ್ಲವೇ ಎರಡನ್ನು ಇಟ್ಟು ದಿನವಿಡೀ ತುಂಬಿಸುತ್ತಿರಬೇಕು. ತುಂಬಿಸುವ ಹೊಣೆ ಯಾರದೆಂದು ಹೆಸರು ಹಿಡಿದು ಹೇಳಿರದಿದ್ದರೆ ಹನ್ನೊಂದೂವರೆಗೆ ನಲ್ಲಿ ಬರಿ ಗಾಳಿ ಊದುತ್ತದೆ. ಎರಡನೆಯದು, ದೂರ. ಸಾಲಿನ ಒಂದು ತುದಿಯಲ್ಲಿ ಕೂಲರ್, ಕೆಲಸ ಇನ್ನೊಂದು ತುದಿಯಲ್ಲಿ. 2008ರ ಮೇ ತಿಂಗಳಲ್ಲಿ ಸ್ಟಾಕ್‌ಟನ್ ಪೂರ್ವಕ್ಕಿರುವ ದ್ರಾಕ್ಷಿತೋಟದಲ್ಲಿ 17 ವರ್ಷದ ಗರ್ಭಿಣಿಯೊಬ್ಬಳು ಕುಸಿದು ಬಿದ್ದು, ಎರಡು ದಿನದ ಮೇಲೆ ತೀರಿಕೊಂಡಳು. ಅಲ್ಲಿ ನೆರಳಿರಲಿಲ್ಲ. ನೀರು ಹತ್ತು ನಿಮಿಷದ ನಡಿಗೆಯಷ್ಟು ದೂರವಿತ್ತು. ನಿಯಮ ಬಂದು ಆಗಲೇ ಮೂರು ವರ್ಷವಾಗಿತ್ತು.

ಹತ್ತು ನಿಮಿಷ ನಡೆದು ನೀರು ಕುಡಿಯುವುದಕ್ಕೆ ಏನು ಕಷ್ಟ ಎನ್ನುವವರು ಪೆಟ್ಟಿಗೆ ಲೆಕ್ಕದ ಕೂಲಿಯನ್ನು ಅರ್ಥ ಮಾಡಿಕೊಳ್ಳಬೇಕು. ದಿನಗೂಲಿಯಲ್ಲ, ತುಂಬಿದ ಪೆಟ್ಟಿಗೆಗೆ ಇಷ್ಟು ಎಂದು ದುಡ್ಡು. ನೀರಿಗೆ ಹೋದ ಹತ್ತು ನಿಮಿಷ ಜೇಬಿನಿಂದಲೇ ಹೋಯಿತೆಂದು ಲೆಕ್ಕ. ಹೋಗಿ ಬರುವಷ್ಟರಲ್ಲಿ ತಂಡ ಮುಂದೆ ಸರಿದಿರುತ್ತದೆ. ಹೆಂಗಸರ ಕಷ್ಟ ಇನ್ನೊಂದು. ಶೌಚಾಲಯ ಐದು ನಿಮಿಷದ ನಡಿಗೆಯೊಳಗೆ, ಕಾಲು ಮೈಲಿ ಮೀರದಂತೆ ಇರಬೇಕೆಂದು ನಿಯಮವಿದ್ದರೂ, ಅದು ಗಲೀಜಾಗಿದ್ದರೆ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಟ್ಟಿರುತ್ತಾರೆ. ನೀರಿನ ಡಬ್ಬಿಯನ್ನು ಮಾತ್ರ ನೋಡಿ ಹೋಗುವ ತಪಾಸಣೆಗೆ ಇದು ಕಾಣುವುದಿಲ್ಲ.

ಪೆಟ್ಟಿಗೆ ಲೆಕ್ಕದವರಿಗೂ ವಿಶ್ರಾಂತಿಯ ಹೊತ್ತಿಗೆ ಬೇರೆಯಾಗಿ ಕೂಲಿ ಕೊಡಬೇಕೆಂದು 2016ರ ಜನವರಿಯಿಂದ ಕಾನೂನಿದೆ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ವಾರದಲ್ಲಿ ಕೆಲಸ ಮಾಡಿದ್ದು 40 ಗಂಟೆ, ದುಡಿದದ್ದು 800 ಡಾಲರ್ ಎಂದಿಟ್ಟುಕೊಳ್ಳಿ. ಸರಾಸರಿ ಗಂಟೆಗೆ 20. ಹತ್ತು ನಿಮಿಷದ ಒಂದೊಂದು ವಿಶ್ರಾಂತಿಗೂ 3 ಡಾಲರ್ 33 ಸೆಂಟ್ ಮೇಲಾಗಿ ಬರಬೇಕು. ಸರಾಸರಿ ಎಷ್ಟೇ ಇರಲಿ, ಕನಿಷ್ಠ ಕೂಲಿಯ ದರಕ್ಕಿಂತ ಇದು ಕಡಿಮೆಯಾಗುವಂತಿಲ್ಲ. ಪಗಾರದ ಚೀಟಿಯಲ್ಲಿ ವಿಶ್ರಾಂತಿಯ ಗಂಟೆ, ದರ, ಮೊತ್ತ ಪ್ರತ್ಯೇಕ ಸಾಲಿನಲ್ಲಿರಬೇಕು. ಆ ಸಾಲೇ ಇಲ್ಲದಿದ್ದರೆ ವಿಶ್ರಾಂತಿಯೂ ಇರಲಿಲ್ಲ ಎಂದೇ ಹೆಚ್ಚಿನ ಸಲ ಅರ್ಥ. ನಮ್ಮ ಪ್ರಕಾರ ಥರ್ಮಾಮೀಟರಿಗಿಂತ ಒಳ್ಳೆಯ ಸಾಕ್ಷಿ ಆ ಚೀಟಿ.

ಭಾಷೆಯದು ಬೇರೆಯೇ ತೊಡಕು, ಮತ್ತು ಕನ್ನಡಿಗರಿಗೆ ವಿವರಿಸಬೇಕಿಲ್ಲದ ತೊಡಕು. "ಇಂಡಿಯಾದವರಲ್ಲವೇ, ಹಿಂದಿ ಬರಬೇಕಲ್ಲ" ಎಂಬ ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ. ಮೆಕ್ಸಿಕೊದವರಿಗೆಲ್ಲ ಸ್ಪ್ಯಾನಿಷ್ ಬರುತ್ತದೆ ಎನ್ನುವುದೂ ಅದೇ ಜಾತಿಯ ಮಾತು. ವಹಾಕಾ, ಗೆರೇರೊ ರಾಜ್ಯಗಳಿಂದ ಬಂದ ಬಹಳ ಕೂಲಿಕಾರರ ಮನೆಮಾತು ಮಿಶ್ತೆಕೊ, ಸಪೊತೆಕೊ, ತ್ರಿಕಿ. ಇವೆಲ್ಲ ಸ್ಪ್ಯಾನಿಷ್ ಬರುವ ಶತಮಾನಗಳ ಮೊದಲಿನಿಂದ ಇದ್ದ ಭಾಷೆಗಳು. ಬಿಸಿಲಿನ ತರಬೇತಿ ಕೂಲಿಕಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎನ್ನುತ್ತದೆ ಕಾನೂನು. ನಡೆಯುವುದೇನೆಂದರೆ, ಸ್ಪ್ಯಾನಿಷ್ ಕರಪತ್ರ ಹಂಚಿ ಸಹಿ ಹಾಕಿಸಿಕೊಳ್ಳುತ್ತಾರೆ. ಈ ಭಾಷೆಗಳನ್ನು ಓದುವುದಕ್ಕಿಂತ ಕೇಳಿ ಅಭ್ಯಾಸವಿರುವವರೇ ಹೆಚ್ಚು. ಹಾಗಾಗಿ ಕರಪತ್ರಕ್ಕಿಂತ ಮೊಬೈಲಿಗೆ ಕಳಿಸುವ ಒಂದು ನಿಮಿಷದ ಧ್ವನಿ ಸಂದೇಶ ಕೆಲಸಕ್ಕೆ ಬರುತ್ತದೆ. (ಸಂದರ್ಭ ಬಂತೆಂದು ಒಂದು ಮಾತು: ನಮ್ಮ 'ಮೇಸ್ತ್ರಿ' ಪೋರ್ಚುಗೀಸರಿಂದ ಬಂದದ್ದು, ಸ್ಪ್ಯಾನಿಷಿನ 'ಮಾಯೆಸ್ತ್ರೊ'ಗೆ ಸ್ವಂತ ತಮ್ಮ. ಆದರೆ ಇಲ್ಲಿನ ಹೊಲದ ಮೇಸ್ತ್ರಿಗೆ ಅವರು ಕರೆಯುವುದು 'ಮಯೋರ್ದೋಮೊ' ಎಂದು.)

ಇನ್ನು ಕಾಗದಪತ್ರ. ದೇಶದ ಬೆಳೆ ಕೂಲಿಕಾರರಲ್ಲಿ ಹತ್ತಕ್ಕೆ ಸುಮಾರು ನಾಲ್ವರಿಗೆ ಕೆಲಸದ ಅನುಮತಿ ಇಲ್ಲವೆಂದು ಸರ್ಕಾರದ್ದೇ ಸಮೀಕ್ಷೆ ಹೇಳುತ್ತದೆ. ಅನುಮತಿ ಇದ್ದವರಲ್ಲೂ ಎಚ್-2ಎ ಎಂಬ ಹಂಗಾಮಿ ಹೊಲಗೆಲಸದ ವೀಸಾದವರ ಪಾಡು ನೋಡಿ. ಎಚ್-1ಬಿ ಏನೆಂದು ಬಲ್ಲ ನಿಮಗೆ ಇದು ತಟ್ಟನೆ ಅರ್ಥವಾಗುತ್ತದೆ. ಎಚ್-1ಬಿಯಲ್ಲಿ ವೀಸಾ ಮಾತ್ರ ಕಂಪನಿಯ ಕೈಯಲ್ಲಿರುತ್ತದೆ. ಎಚ್-2ಎಯಲ್ಲಿ ಮಲಗುವ ಮಂಚ, ಊಟ, ಹೊಲಕ್ಕೆ ಹೋಗುವ ಬಸ್ಸು ಎಲ್ಲವೂ ಮಾಲೀಕನದೇ. ಅಂಥವರು ತಲೆ ಸುತ್ತುತ್ತಿದೆ ಎಂದು ಕೂರುತ್ತಾರೆಯೇ? ದೂರು ಕೊಟ್ಟವರ ಹೆಸರನ್ನು ಕ್ಯಾಲ್-ಓಶಾ (ಕೆಲಸದ ಸುರಕ್ಷತೆ ನೋಡುವ ರಾಜ್ಯ ಇಲಾಖೆ) ಗುಟ್ಟಾಗಿಡಬೇಕು, ವಲಸೆಯ ಸ್ಥಿತಿ ಕೇಳುವಂತಿಲ್ಲ. ಆದರೆ ತಪಾಸಣೆಯ ಹುದ್ದೆಗಳು ಬಹಳಷ್ಟು ಖಾಲಿ ಬಿದ್ದಿರುವುದರಿಂದ ದೂರಿಗೆ ಸ್ಥಳಕ್ಕೆ ಬಾರದೆ ಪತ್ರ ಬರೆದು ಮುಗಿಸುವುದೂ ಉಂಟು. ನಿಮ್ಮ ಕ್ಷೇತ್ರದ ಅಸೆಂಬ್ಲಿ ಸದಸ್ಯರಿಗೆ ಬರೆಯುವುದಿದ್ದರೆ ಹೊಸ ನಿಯಮ ಕೇಳಬೇಡಿ. ಇರುವ ಹುದ್ದೆ ತುಂಬಿ, ಸ್ಪ್ಯಾನಿಷ್ ಮತ್ತು ಮಿಶ್ತೆಕೊ ಬಲ್ಲವರನ್ನು ತೆಗೆದುಕೊಳ್ಳಿ ಎಂದು ಕೇಳಿ.

ಈಗ ನಿಮ್ಮ ಅಂಗಳಕ್ಕೆ ಬರೋಣ. 95 ಡಿಗ್ರಿಯ ಕಟ್ಟುನಿಟ್ಟು ಅನ್ವಯವಾಗುವ ಐದು ಉದ್ಯಮಗಳಲ್ಲಿ ತೋಟಗಾರಿಕೆಯೂ ಒಂದು, ಕಟ್ಟಡ ಕೆಲಸವೂ ಒಂದು. ಕಾನೂನಿನ ಪ್ರಕಾರ ಹೊಣೆ ಗುತ್ತಿಗೆದಾರನದು. ಆದರೆ ಕೆಲಸದ ಹೊತ್ತನ್ನು ನಿಗದಿ ಮಾಡುವುದು ಬಹುಪಾಲು ನೀವೇ. "ಮಕ್ಕಳು ಮಲಗಿರುತ್ತಾರೆ, ಹತ್ತರ ಮೇಲೆ ಬನ್ನಿ" ಎಂದರೆ ಅವರು ಮೂರು ಗಂಟೆಗೆ ಸೂರಿನ ಮೇಲಿರುತ್ತಾರೆ. ಕಪ್ಪು ಶಿಂಗಲ್ಲಿನ ಸೂರು ನೆಲಕ್ಕಿಂತ ಎಷ್ಟೋ ಬಿಸಿ. ಹವಾಮಾನದ ಆ್ಯಪ್ ತೋರಿಸುವ ಅಂಕಿ ನೆರಳಿನದು. ಕರಾರಿನಲ್ಲಿ ಎರಡು ಸಾಲು ಸೇರಿಸಿ: ಮುನ್ಸೂಚನೆ 95 ಮೀರಿದ ದಿನ ಊರಿನ ಶಬ್ದ ನಿಯಮ ಬಿಡುವಷ್ಟು ಬೇಗ ಶುರು ಮಾಡಿ ಮಧ್ಯಾಹ್ನ ಒಂದರೊಳಗೆ ಮುಗಿಸುವುದು, ಮುಗಿಯದ ಕೆಲಸ ಮಾರನೆಯ ದಿನಕ್ಕೆ, ದಂಡವಿಲ್ಲದೆ. ಗ್ಯಾರೇಜಿನ ಬಾಗಿಲು ತೆರೆದಿಟ್ಟು ಒಂದು ಫ್ಯಾನ್, ಐಸ್ ಹಾಕಿದ ನೀರು ಇಡಿ. ಹೊರಗಿನ ಬಚ್ಚಲು ಇಲ್ಲದಿದ್ದರೆ ಒಳಗಿನದನ್ನು ಬಳಸಬಹುದೆಂದು ನೀವಾಗಿಯೇ ಹೇಳಿ. ಕೇಳುವುದಕ್ಕೆ ಅವರು ಹಿಂಜರಿಯುತ್ತಾರೆ.

ತಂಡದಲ್ಲಿ ಹೊಸ ಹುಡುಗ ಇದ್ದಾನೆಯೇ ನೋಡಿ. ಬಿಸಿಲಿಗೆ ಸತ್ತ ಕೆಲಸಗಾರರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತದ್ದು ಕೆಲಸದ ಮೊದಲ ದಿನವೇ, ಶೇ. 70ಕ್ಕೂ ಹೆಚ್ಚು ಮೊದಲ ವಾರದೊಳಗೆ. ಮೈ ಬಿಸಿಲಿಗೆ ಒಗ್ಗಲು ಎರಡು ವಾರದವರೆಗೂ ಬೇಕು. ಹೊಸಬರಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ, ಆಮೇಲೆ ದಿನಕ್ಕೊಂದು ಪಾಲು ಏರಿಸುವುದು ಸರಿಯಾದ ಕ್ರಮ. ರಜೆ ಮುಗಿಸಿ ಬಂದ ಹಳಬರಿಗೂ ಇದು ಬೇಕು.

ಒಬ್ಬರು ಕುಸಿದರೆ ಏನು ಮಾಡಬೇಕು? ಬೆವರು ನಿಂತರೆ ಮಾತ್ರ ಬಿಸಿಲಾಘಾತ ಎಂಬ ನಂಬಿಕೆ ಅಪಾಯಕಾರಿ. ದುಡಿಯುತ್ತ ಬೀಳುವವರ ಮೈ ಎಷ್ಟೋ ಸಲ ಬೆವರಿನಿಂದ ತೊಯ್ದೇ ಇರುತ್ತದೆ. ನೋಡಬೇಕಾದ್ದು ತಲೆಯನ್ನು: ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ, ಸುಮ್ಮನೆ ಸಿಟ್ಟಾದರೆ, ತೂರಾಡಿದರೆ 911ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವವರೆಗೆ ಕಾಯಬೇಡಿ, ನೆರಳಿಗೆ ಎಳೆದು ತೋಟದ ಪೈಪಿನಿಂದಲೇ ಮೈ ನೆನೆಸಿ. ಪೈಪಿನಲ್ಲಿ ಮೊದಲು ಬರುವ ನೀರು ಬಿಸಿಲಿಗೆ ಕುದಿಯುವಷ್ಟು ಕಾದಿರುತ್ತದೆ, ಅದನ್ನು ಹೊರಗೆ ಬಿಟ್ಟು ಆಮೇಲೆ ಹಿಡಿಯಿರಿ. ಐಸ್ ನೀರಿನಲ್ಲಿ ಅದ್ದಿದ ಟವೆಲನ್ನು ಕುತ್ತಿಗೆ, ಕಂಕುಳು, ತೊಡೆಸಂದು, ಎದೆಗೆ ಹಾಕಿ, ಎರಡು ಮೂರು ನಿಮಿಷಕ್ಕೊಮ್ಮೆ ಬದಲಿಸಿ, ಗಾಳಿ ಹಾಕಿ. ಅರ್ಧ ಗಂಟೆಯೊಳಗೆ ತಾಪ ಇಳಿದರೆ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡಬೇಡಿ. "ಕಾರಿನಲ್ಲಿ ಸ್ವಲ್ಪ ಮಲಗಿರು" ಎಂದು ಒಬ್ಬರನ್ನೇ ಬಿಡುವುದು, ಮನೆಗೆ ಕಳಿಸುವುದು, ಇವೆರಡರಿಂದ ಜೀವ ಹೋಗಿರುವುದುಂಟು.

ಕಾಳ್ಗಿಚ್ಚಿನ ಹೊಗೆಗೂ ನಿಯಮವಿದೆ, 2019ರದು. ಪಿಎಂ 2.5ರ (ಹೊಗೆಯಲ್ಲಿರುವ ಅತಿ ಸಣ್ಣ ಕಣಗಳ) ಗಾಳಿ ಸೂಚ್ಯಂಕ 151 ಮುಟ್ಟಿದರೆ ಮಾಲೀಕ ಎನ್-95 ಮುಖಗವಸು ಕೊಡಬೇಕು. ಮುಖಕ್ಕೆ ಕಟ್ಟಿದ ಬಟ್ಟೆ ದೂಳನ್ನು ತಡೆದೀತು, ಹೊಗೆಯ ಆ ಸಣ್ಣ ಕಣವನ್ನು ತಡೆಯದು. ಗವಸಿಗೆ ಎರಡು ಪಟ್ಟಿ ಇರುತ್ತದೆ; ಕೆಳಗಿನದನ್ನು ಜೋತು ಬಿಟ್ಟುಕೊಂಡರೆ ಹಾಕಿದ್ದೂ ಹಾಕದಿದ್ದೂ ಒಂದೇ.

ಕೆಲಸ ಮುಗಿಸಿ ಅವರು ಹೋಗುವ ಮನೆಯ ವಿಷಯ. ಸೆಂಟ್ರಲ್ ವ್ಯಾಲಿಯ ಎಷ್ಟೋ ಮೊಬೈಲ್ ಹೋಮುಗಳಲ್ಲಿ ಎಸಿ ಇಲ್ಲ, ಕಲಬುರಗಿ ವಿಜಯಪುರದ ಕಡೆ ಕಿಟಕಿಗೆ ಕೂರಿಸುವ ಡೆಸರ್ಟ್ ಕೂಲರಿನಂಥದ್ದೇ ಇರುತ್ತದೆ. ಒಣ ಹವೆಯಲ್ಲಿ ಅದು ಚೆನ್ನ. ಹೊಗೆಯ ದಿನ ಅದೇ ಶತ್ರು, ಏಕೆಂದರೆ ಹೊರಗಿನ ಗಾಳಿಯನ್ನು ಎಳೆದುಕೊಂಡೇ ಅದು ತಂಪು ಮಾಡುವುದು. ಆರಿಸಿದರೆ ಸೆಕೆ, ಹಾಕಿದರೆ ಹೊಗೆ. ಇದಕ್ಕೊಂದು ಅಗ್ಗದ ಉಪಾಯ: 20 ಇಂಚಿನ ಬಾಕ್ಸ್ ಫ್ಯಾನು, 20ಕ್ಕೆ 20 ಇಂಚಿನ, ಸಣ್ಣ ಕಣ ಹಿಡಿಯುವ ಮರ್ವ್-13 ದರ್ಜೆಯ ಫಿಲ್ಟರ್ ನಾಲ್ಕು. ಫಿಲ್ಟರುಗಳನ್ನು ನಿಲ್ಲಿಸಿ ಚೌಕ ಮಾಡಿ, ಅಡಿಗೆ ರಟ್ಟು, ಮೇಲೆ ಗಾಳಿ ಆಕಾಶಕ್ಕೆ ಹೋಗುವಂತೆ ಫ್ಯಾನು, ಸಂದುಗಳಿಗೆಲ್ಲ ಟೇಪು. ಫಿಲ್ಟರಿನ ಬಾಣದ ಗುರುತು ಒಳಮುಖವಾಗಿರಬೇಕು. ಫ್ಯಾನಿನ ನಾಲ್ಕು ಮೂಲೆಗಳಿಂದ ಗಾಳಿ ಹಿಂದಕ್ಕೆ ನುಸುಳುತ್ತದೆ; ನಡುವೆ ದುಂಡನೆಯ ತೂತು ಕತ್ತರಿಸಿದ ರಟ್ಟು ಕೂರಿಸಿ ಆ ಮೂಲೆ ಮುಚ್ಚಿದರೆ ಇನ್ನೂ ಚೆನ್ನಾಗಿ ಓಡುತ್ತದೆ. ಇದು ಹೊಗೆಯನ್ನು ಸೋಸುತ್ತದೆ, ಸೆಕೆಯನ್ನಲ್ಲ. ಕನ್ನಡ ಕೂಟಗಳು ಬೇಸಿಗೆಯಲ್ಲಿ ಮಕ್ಕಳ ಶಿಬಿರ ಮಾಡುತ್ತವಲ್ಲ, ಒಂದು ಮಧ್ಯಾಹ್ನಕ್ಕೆ ಇಂಥ ಇಪ್ಪತ್ತು ಪೆಟ್ಟಿಗೆ ಕಟ್ಟಬಹುದು. ತಲುಪಿಸುವುದಕ್ಕೆ ಆಯಾ ಊರಿನ ಚರ್ಚು, ಶಾಲೆಗಳನ್ನು ಮೊದಲು ಕೇಳಿ. ನೇರ ಬಾಗಿಲು ತಟ್ಟಿದರೆ ವಲಸೆ ಅಧಿಕಾರಿಗಳ ಈಗಿನ ಭಯದಲ್ಲಿ ಯಾರೂ ತೆರೆಯುವುದಿಲ್ಲ.

ಬಾವಿಯ ಸಂಗತಿ ಕೋಲಾರ, ಪಾವಗಡದ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ದೊಡ್ಡ ತೋಟದ ಬೋರು ಆಳಕ್ಕಿಳಿದಂತೆ ಪಕ್ಕದ ಮನೆಯ ಸಣ್ಣ ಬಾವಿ ಬತ್ತುತ್ತದೆ. 2014ರ ಬರದಲ್ಲಿ ಟುಲಾರೆ ಕೌಂಟಿಯ ಈಸ್ಟ್ ಪೋರ್ಟರ್‌ವಿಲ್ಲಿನಲ್ಲಿ ನೂರಾರು ಮನೆಗಳ ನಲ್ಲಿ ಹೀಗೆ ಒಣಗಿತು. ಕೊನೆಗೆ ಏಳುನೂರಕ್ಕೂ ಹೆಚ್ಚು ಮನೆಗಳನ್ನು ಪಕ್ಕದ ಪಟ್ಟಣದ ಕೊಳವೆಗೆ ಜೋಡಿಸಿದರು. ನೀರಿದ್ದರೂ ಅದರಲ್ಲಿ ಗೊಬ್ಬರದ ನೈಟ್ರೇಟ್ ಇರಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಜಗ್ಗಿನ ಕಾರ್ಬನ್ ಫಿಲ್ಟರಿನಿಂದಲೂ ಹೋಗದು, ಆರ್‌ಒ ಬೇಕು. ಶಿಶುವಿಗೆ ಹಾಲಿನ ಪುಡಿ ಕಲಸುವ ತಾಯಂದಿರಿಗೆ ಇದೊಂದು ವಾಕ್ಯ ಅವರ ಭಾಷೆಯಲ್ಲಿ ತಲುಪಬೇಕು. ಕುಡಿಯುವ ನೀರಿಗೆಂದು 2019ರ ಕಾನೂನು 2030ರವರೆಗೆ ವರ್ಷಕ್ಕೆ 13 ಕೋಟಿ ಡಾಲರಿನವರೆಗೆ ಎತ್ತಿಟ್ಟಿತು. ಈ ಹಣದ ಚರ್ಚೆ ಬಂದಾಗ ನಿಮ್ಮ ದನಿಯೂ ಇರಲಿ.

ಪಹಾರೊ ಊರಿನ ಹೆಸರು ಕೇಳಿರದಿದ್ದರೂ ಅಲ್ಲಿನ ಸ್ಟ್ರಾಬೆರಿ ತಿಂದಿರುತ್ತೀರಿ. ವಾಟ್ಸನ್‌ವಿಲ್ಲಿನ ಹೊಳೆಯಾಚೆ ಇರುವ ಊರು ಅದು, ಹೆಚ್ಚಿನವರು ಲ್ಯಾಟಿನೊ ಹೊಲಗೆಲಸದವರು. 2023ರ ಮಾರ್ಚಿನ ಒಂದು ನಡುರಾತ್ರಿ ಹೊಳೆಯ ಏರಿ ಒಡೆದು ಊರು ಮುಳುಗಿತು. ಆ ಏರಿ ಕಟ್ಟಿದ್ದು 1949ರಲ್ಲಿ. ಅದು ಸಾಲದೆಂದು 1960ರ ದಶಕದಿಂದಲೇ ಎಂಜಿನಿಯರುಗಳಿಗೆ ಗೊತ್ತಿತ್ತು, 1995ರಲ್ಲೂ ಊರು ಮುಳುಗಿತ್ತು. ಆದರೂ ಕೆಲಸ ಏಕೆ ಆಗಲಿಲ್ಲ? ಪ್ರವಾಹ ತಡೆಯ ಯೋಜನೆಗೆ ಹಣ ಸಿಗಬೇಕಾದರೆ ಉಳಿಯುವ ಆಸ್ತಿಯ ಬೆಲೆ ಖರ್ಚಿಗಿಂತ ಹೆಚ್ಚಿರಬೇಕು. ಬಡವರ ಮನೆಗೆ ಬೆಲೆ ಕಡಿಮೆ, ಹಾಗಾಗಿ "ಲಾಭ" ಕಡಿಮೆ, ಹಾಗಾಗಿ ಸರದಿಯಲ್ಲಿ ಹಿಂದೆ. ಯಾರೂ ದ್ವೇಷದಿಂದ ಮಾಡಿದ್ದಲ್ಲ. ಸೂತ್ರವೇ ಹಾಗಿದೆ, ಅದಕ್ಕೇ ಅದು ಹೆಚ್ಚು ಕೆಟ್ಟದ್ದು. ನಿಮ್ಮಲ್ಲಿ ಮಾದರಿ ಕಟ್ಟುವವರು, ದತ್ತಾಂಶ ನೋಡುವವರು ಸಾವಿರಾರು. ಕೌಂಟಿಯ ಯೋಜನೆ ಸಾರ್ವಜನಿಕ ಅಭಿಪ್ರಾಯಕ್ಕೆ ಬಂದಾಗ ಆ ಒಂದು ಕೋಷ್ಟಕ ತೆರೆದು, ಆಸ್ತಿಯ ಬೆಲೆಯ ಬದಲು ಜನಸಂಖ್ಯೆ, ಕಳೆದ ಕೂಲಿ ದಿನಗಳನ್ನು ಹಾಕಿದರೆ ಉತ್ತರ ಏನಾಗುತ್ತದೆಂದು ತೋರಿಸಿ. ನೆರೆಯಾದ ಮೇಲೆ ಫೆಮಾ (ಕೇಂದ್ರದ ವಿಪತ್ತು ಪರಿಹಾರ ಸಂಸ್ಥೆ) ನೆರವು ಕಾಗದವಿಲ್ಲದವರಿಗೆ ಸಿಗದು. ಮನೆಯಲ್ಲಿ ಇಲ್ಲೇ ಹುಟ್ಟಿದ ಮಗುವಿದ್ದರೆ ಅದರ ಹೆಸರಿನಲ್ಲಿ ಅರ್ಜಿ ಹಾಕಬಹುದು. ಇದೂ ಬಹಳ ಜನಕ್ಕೆ ತಿಳಿಯದು.

ಅವಕಾಶಗಳೂ ಇವೆ. ಬಡವರ ಬಾಡಿಗೆ ವಸತಿಗಳ ಮೇಲೆ ಸೋಲಾರ್ ಹಾಕುವ ಸೋಮಾ ಎಂಬ ರಾಜ್ಯ ಯೋಜನೆಯಲ್ಲಿ ಉತ್ಪಾದನೆಯ ಕನಿಷ್ಠ ಶೇ. 51 ಬಾಡಿಗೆದಾರರ ಬಿಲ್ಲಿಗೇ ಜಮೆಯಾಗಬೇಕು. ಕಡಿಮೆ ಆದಾಯದವರಿಗಿರುವ ಕೇರ್ ರಿಯಾಯಿತಿ ಕರೆಂಟ್ ಬಿಲ್ಲಿನಲ್ಲಿ ಶೇ. 30ರಿಂದ 35 ಇಳಿಸುತ್ತದೆ, ವಲಸೆಯ ಪ್ರಶ್ನೆ ಕೇಳುವುದಿಲ್ಲ. ಮೊಬೈಲ್ ಹೋಮ್ ಪಾರ್ಕಿನಲ್ಲಿ ಮೀಟರ್ ಮಾಲೀಕನ ಹೆಸರಿನಲ್ಲಿರುವುದರಿಂದ ಜನ ತಮಗೆ ಬರುವುದಿಲ್ಲ ಎಂದುಕೊಳ್ಳುತ್ತಾರೆ. ಉಪಮೀಟರಿನವರಿಗೆ ಬೇರೆ ಅರ್ಜಿ ಇದೆ. ಸ್ವಂತ ಮನೆಗೆ ಸೋಲಾರ್ ಹಾಕಿದರೆ ಸಿಗುತ್ತಿದ್ದ ಶೇ. 30ರ ಕೇಂದ್ರ ತೆರಿಗೆ ವಿನಾಯಿತಿ 2025ರ ಕೊನೆಗೆ ನಿಂತಿದೆ, ಆದ್ದರಿಂದ ರಾಜ್ಯದ ಯೋಜನೆಗಳ ತೂಕ ಈಗ ಹೆಚ್ಚು.

ನಿಮ್ಮ ತೋಟದವರ ಎಲೆ ಊದುವ ಯಂತ್ರವನ್ನೇ ತೆಗೆದುಕೊಳ್ಳಿ. ಪೆಟ್ರೋಲಿನದು ಒಂದು ಗಂಟೆ ಓಡಿದರೆ ಹೊಸ ಕಾರು ಸುಮಾರು 1,100 ಮೈಲಿ ಓಡಿದಷ್ಟು ಹೊಗೆಮಂಜಿನ ಮಾಲಿನ್ಯ ಎಂದು ರಾಜ್ಯದ ವಾಯು ಮಂಡಳಿಯ ಲೆಕ್ಕ. ಅದನ್ನು ಬೆನ್ನಿಗೆ ಹೊತ್ತವನ ಮೂಗಿಗೇ ಮೊದಲ ಪಾಲು. 2024ರಿಂದ ತಯಾರಾಗುವ ಹೊಸ ಪೆಟ್ರೋಲ್ ಯಂತ್ರಗಳ ಮಾರಾಟಕ್ಕೆ ರಾಜ್ಯದ ತಡೆ ಬಂದಿದೆ, ಹಳೆಯದನ್ನು ಬಳಸಬಹುದು. ಬ್ಯಾಟರಿಯದು ಪೂರ್ತಿ ವೇಗದಲ್ಲಿ ಒಂದು ಗಂಟೆಯೂ ಬಾಳುವುದು ಕಷ್ಟ. ದಿನಕ್ಕೆ ಹತ್ತು ಮನೆ ಮಾಡುವವರಿಗೆ ನಾಲ್ಕಾರು ಬ್ಯಾಟರಿ ಬೇಕು, ಯಂತ್ರಕ್ಕಿಂತ ದುಬಾರಿ ಅವೇ. "ಎಲೆಕ್ಟ್ರಿಕ್ ತಂದುಕೊಳ್ಳಿ" ಎಂದು ಎಚ್‌ಒಎ ಸುತ್ತೋಲೆ ಕಳಿಸಿದರೆ ಖರ್ಚೆಲ್ಲ ಅವರ ತಲೆಗೆ ಬೀಳುತ್ತದೆ. ಬದಲು, ಹೊರಗೋಡೆಯ ಪ್ಲಗ್ಗಿನಲ್ಲಿ ಚಾರ್ಜ್ ಮಾಡಿಕೊಳ್ಳಲು ಬಿಡಿ. ಎಚ್‌ಒಎ ಒಂದು ಜೊತೆ ಬ್ಯಾಟರಿ ಕೊಂಡು ಷೆಡ್ಡಿನಲ್ಲಿಡಲಿ. ಹುಲ್ಲು ಕಿತ್ತು ಸ್ಥಳೀಯ ಗಿಡ ಹಾಕಿದರೆ ನೀರಿನ ಇಲಾಖೆಗಳು ಚದರಡಿ ಲೆಕ್ಕದಲ್ಲಿ ಹಣ ಕೊಡುತ್ತವೆ. ಆದರೆ ಹುಲ್ಲು ಹೋದ ದಿನವೇ ವಾರದ ಕೂಲಿಯೂ ಹೋಗುತ್ತದೆ. ಹನಿ ನೀರಾವರಿಯ ನಳಿಕೆ ಕಟ್ಟಿಕೊಳ್ಳುವುದನ್ನು ತಿಂಗಳಿಗೊಮ್ಮೆ ನೋಡುವ, ಕಳೆ ತೆಗೆಯುವ ಕೆಲಸವನ್ನು ಅದೇ ತಂಡಕ್ಕೆ ಹೆಚ್ಚಿನ ದರದಲ್ಲಿ ಕೊಡಿ.

ಲ್ಯಾಟಿನೊ ಬಡಾವಣೆಗಳಲ್ಲಿ ಮರ ನೆಡುವ ಕಾರ್ಯಕ್ರಮಕ್ಕೆ ದೇಣಿಗೆ ಕೇಳಿಕೊಂಡು ಬಂದವರಿಗೆ ಒಂದೇ ಪ್ರಶ್ನೆ ಹಾಕಿ: ಮೊದಲ ಮೂರು ಬೇಸಿಗೆ ವಾರಕ್ಕೆ ಹತ್ತು ಹದಿನೈದು ಗ್ಯಾಲನ್ ನೀರು ಹಾಕುವವರು ಯಾರು, ಅವರ ಕೂಲಿ ಬಜೆಟ್ಟಿನಲ್ಲಿದೆಯೇ? ಇಲ್ಲದಿದ್ದರೆ ನೆಡುವ ದಿನದ ಫೋಟೋ ಮಾತ್ರ ಉಳಿಯುತ್ತದೆ.

ಮುಂದಿನ ಸಲ ತೋಟದವರು ಬಂದಾಗ ಹೇಳಲು ಮೂರು ಪದ: ಆಗ್ವಾ, ಸೋಂಬ್ರಾ, ದೆಸ್ಕಾನ್ಸೊ. ನೀರು, ನೆರಳು, ವಿಶ್ರಾಂತಿ. ಉಚ್ಚಾರ ತಪ್ಪಿದರೂ ಕೈಯಲ್ಲಿ ಐಸ್ ನೀರಿನ ಜಗ್ ಇದ್ದರೆ ಅರ್ಥವಾಗುತ್ತದೆ. ಜಗ್ಗನ್ನು ಅಡುಗೆಮನೆಯ ಕಟ್ಟೆಯ ಮೇಲಲ್ಲ, ಅವರು ಕೆಲಸ ಮಾಡುವ ಜಾಗದ ಪಕ್ಕದಲ್ಲೇ ಇಡಿ.

ಇತಿ,
ಬಿಸಿಲ ಕೆಲಸದ ಸುರಕ್ಷತೆಯನ್ನು ಬಲ್ಲ ಕೆಲವು ಕನ್ನಡಿಗರು